ಕಾಡುರೇಷ್ಮೆಯ ಪತಂಗಗಳೂ ಅವುಗಳ ಕಾಲಜ್ಞಾನವೂ

ರೇಷ್ಮೆಯ ಮಾತು ಬಂದೊಡನೆ ಮೈಸೂರು ಸೀಮೆಯವರಾದ ನಮಗೆ ನೆನಪಾಗತಕ್ಕದ್ದು ಹಿಪ್ಪುನೇರಳೆಯ ತೋಟ, ಬಿದಿರಿನ ತಟ್ಟೆ, ಚಂದ್ರಿಕೆ, ಮತ್ತು ಹಸುರುಛಾಯೆಯ ಹಳದಿಯ ಗೂಡು. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಕಡೆಗೆ ಒಂದು ಸಾರಿ ಹೋಗಿಬಂದವರಿಗೂ ಆ ಹುಳುವಿನ ಬಾಳು ಗೊತ್ತೇ ಇರುತ್ತದೆ. ಅದು ನಾಲ್ಕು ಸಲ ಜ್ವರಕ್ಕೆ ಮಲಗಿ ಎದ್ದು, ಹಣ್ಣಾಗಿ, ಗೂಡು ಕಟ್ಟುತ್ತದೆ; ಬಿತ್ತನೆಗೆಂದು ಬಿಟ್ಟ ಗೂಡುಗಳಿಂದ ಬಿಳಿಯ ಪತಂಗವು ಹೊರಬಂದು, ಇಟ್ಟ ಕಡೆಯಲ್ಲಿಯೇ ರೆಕ್ಕೆಗಳನ್ನು ಪಟಪಟಿಸುತ್ತ, ಮೊಟ್ಟೆಯಿಟ್ಟು ಸಾಯುತ್ತದೆ. ಅದಕ್ಕೆ ರೆಕ್ಕೆಗಳುಂಟು, ಹಾರಾಟವಿಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯನ ಮನೆಯಲ್ಲಿ ಬೆಳೆದುಬಂದ ಈ ಜೀವವು, ಯಾವಾಗ ಹೊರಬರಬೇಕು, ಜೊತೆಯನ್ನು ಎಲ್ಲಿ ಹುಡುಕಬೇಕು, ಮೊಟ್ಟೆಯನ್ನು ಯಾವ ಮರದ ಮೇಲಿಡಬೇಕು ಎಂಬ ಚಿಂತೆಯನ್ನೆಲ್ಲ ಸಾಕುವವನಿಗೆ ಒಪ್ಪಿಸಿಬಿಟ್ಟಿದೆ.

ಈ ಚಿಂತೆಗಳನ್ನು ಇಂದಿಗೂ ತಾವೇ ಹೊತ್ತಿರುವ ರೇಷ್ಮೆಹುಳುಗಳು ನಮ್ಮ ಕಾಡುಗಳಲ್ಲಿವೆ. ಹಿಪ್ಪುನೇರಳೆಯ ಹುಳುವಿಗೆ ಅವು ದಾಯಾದಿಗಳು. ಪ್ರಾಣಿಶಾಸ್ತ್ರಜ್ಞರು ಅವನ್ನು ಸ್ಯಾಟರ್ನಿಡೇ ಎಂಬ ಬೇರೊಂದು ಕುಟುಂಬಕ್ಕೆ ಸೇರಿಸುತ್ತಾರೆ. ಭಾರತದ ಪತಂಗಗಳನ್ನೆಲ್ಲ ಒಟ್ಟುಗೂಡಿಸಿ ವರ್ಣಿಸುವ ಕಾರ್ಯವನ್ನು ಜಾರ್ಜ್ ಹ್ಯಾಂಪ್ಸನ್ ಎಂಬುವರು ಕೈಕೊಂಡು, 1892ರಿಂದ 1896ರ ವರೆಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದರು. ಈ ಕುಟುಂಬದ ವಿವರಣೆಯು ಅದರ ಮೊದಲನೆಯ ಸಂಪುಟದಲ್ಲಿಯೇ ಇದೆ. ಹ್ಯಾಂಪ್ಸನ್ನರು ಮೊದಲು ನೀಲಗಿರಿಯಲ್ಲಿ ಚಹದ ತೋಟಗಾರರಾಗಿದ್ದವರು. ಆದಕಾರಣ ನಮ್ಮ ಕಡೆಯ ಬೆಟ್ಟಗಳ ರಾತ್ರಿಯ ಜೀವಿಗಳು ಅವರಿಗೆ ಪುಸ್ತಕದ ಪರಿಚಯ ಮಾತ್ರವಾಗಿರಲಿಲ್ಲ. ಈ ಪತಂಗಗಳು ವರ್ಷದ ಯಾವ ಕಾಲದಲ್ಲಿ ಹಾರುತ್ತವೆ, ಆ ಕಾಲವನ್ನು ಅವು ಅರಿಯುವುದು ಹೇಗೆ ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ. ಅದಕ್ಕೆ ಮೊದಲು ಅವುಗಳ ಪರಿಚಯವನ್ನು ಸ್ವಲ್ಪಮಟ್ಟಿಗೆ ಮಾಡಿಕೊಳ್ಳುವುದು ಯುಕ್ತ.

ಎಲ್ಲಕ್ಕೂ ದೊಡ್ಡದು ಅಟ್ಲಾಸ್ ಪತಂಗದ ಜಾತಿಯದು. ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಇರತಕ್ಕ ಬಗೆಗೆ ಅಟಾಕಸ್ ತಪ್ರೋಬಾನಿಸ್ ಎಂದು ಹೆಸರು. ತಪ್ರೋಬಾನೆ ಎಂಬುದು ಗ್ರೀಕರು ಲಂಕೆಯನ್ನು ಕರೆಯುತ್ತಿದ್ದ ಹೆಸರು. ರೆಕ್ಕೆ ಹರಡಿ ಕುಳಿತಾಗ ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಗೇಣು. ಕಾವಿಮಣ್ಣಿನ ಬಣ್ಣದ ಮೈ. ಪ್ರತಿ ರೆಕ್ಕೆಯ ನಡುವೆ ಗಾಜಿನ ಚೂರಿನಂತೆ ಪಾರದರ್ಶಕವಾದ ಒಂದು ಮುಕ್ಕೋನ. ಮುಂದಿನ ರೆಕ್ಕೆಯ ಕೊನೆಯು ಬಾಗಿ, ಅದರ ಮೇಲೊಂದು ಕಪ್ಪು ಚುಕ್ಕೆ ಇದ್ದು, ಪಕ್ಕದಿಂದ ನೋಡಿದರೆ ಹಾವಿನ ಹೆಡೆಯೇ ಇಣುಕಿದಂತೆ ತೋರುತ್ತದೆ. ಪಶ್ಚಿಮಘಟ್ಟಗಳ ಮಗ್ಗುಲಿನ ಊರುಗಳಲ್ಲಿ ಮಳೆಗಾಲದ ಒಂದು ಬೆಳಗ್ಗೆ ಗೋಡೆಯ ಮೇಲೋ ಅಡಕೆಯ ಮರದ ಬುಡದಲ್ಲಿಯೋ ಇದನ್ನು ಕಂಡವರು ನೆರೆಯವರನ್ನು ಕೂಗಿ ಕರೆಯದೆ ಇರುವುದು ಅಪೂರ್ವ.

ಚೆಲುವಿನಲ್ಲಿ ಇದಕ್ಕೂ ಮಿಗಿಲೆಂದು ನಮಗೆ ತೋರುವುದು ಚಂದ್ರಪತಂಗ. ಅದರ ಶಾಸ್ತ್ರೀಯ ನಾಮವು ಆಕ್ಟಿಯಾಸ್ ಸೆಲೀನೆ. ಸೆಲೀನೆ ಎಂದರೆ ಗ್ರೀಕರ ಚಂದ್ರದೇವತೆ. ಎಳೆಯ ಬಾಳೆಯೆಲೆಯ ಹಸುರಿಗೆ ಹಾಲು ಬೆರಸಿದಂತಹ ಬಣ್ಣ, ಬಿಳಿಯ ನವಿರಾದ ಮೈ, ಹಿಂದಿನ ರೆಕ್ಕೆಗಳಿಂದ ಇಳಿಬಿದ್ದ ಎರಡು ನೀಳವಾದ ಬಾಲಗಳು. ಈ ಬಾಲಗಳು ಬರಿಯ ಅಲಂಕಾರವೆಂದೇ ಬಹುಕಾಲ ಭಾವಿಸಲಾಗಿತ್ತು. ಅಮೆರಿಕದಲ್ಲಿ ಇದರ ಸೋದರಜಾತಿಯ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಬೇರೆ ಸಂಗತಿಯು ತಿಳಿದುಬಂದಿತು. ಬಾವಲಿಯು ಕತ್ತಲೆಯಲ್ಲಿ ತನ್ನ ಕೂಗಿನ ಮರುದನಿಯಿಂದ ಬೇಟೆಯನ್ನು ಗುರುತಿಸುತ್ತದೆಯಷ್ಟೆ. ಪತಂಗವು ಹಾರುವಾಗ ಸುರುಳಿ ತಿರುಗುವ ಬಾಲಗಳು ಆ ಮರುದನಿಯನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ನೂರಕ್ಕೆ 55 ಸಲ ಬಾವಲಿಗಳು ಎರಗಿದ್ದು ಬಾಲದ ಮೇಲೆಯೇ. ಬಾಲ ಹರಿದುಹೋದರೂ ಪ್ರಾಣ ಉಳಿಯುತ್ತದೆ. ಎರಡು ಮೂರು ರಾತ್ರಿಗಳ ಮಟ್ಟಿಗೆ ಅದು ಉಳಿದರೆ ಸಾಕು. ಏಕೆ ಸಾಕೆಂಬುದನ್ನು ಮುಂದೆ ಹೇಳುತ್ತೇವೆ.

ಮೂರನೆಯದು ಟಸರ್ ಪತಂಗ, ಆಂಥೇರಿಯಾ ಮೈಲಿಟ್ಟ. ಗಂಡು ಸಾಮಾನ್ಯವಾಗಿ ಕಂದು ಬಣ್ಣದ್ದು. ಹೆಣ್ಣು ಅದಕ್ಕಿಂತ ದೊಡ್ಡದು, ಹಳದಿ ಇಲ್ಲವೆ ಬೂದು ಬಣ್ಣದ್ದು. ಇದರ ಹುಳು ಮತ್ತಿ, ಹೊಳೆಮತ್ತಿ, ಎಲಚಿ ಮೊದಲಾದ ಮರಗಳ ಎಲೆಯನ್ನು ತಿನ್ನುತ್ತದೆ. ಉತ್ತರದ ಕಾಡುಗಳಲ್ಲಿ ಸಾಲವೃಕ್ಷದ ಎಲೆಯನ್ನೂ ತಿನ್ನುತ್ತದೆ. ಗೂಡು ಕೋಳಿಮೊಟ್ಟೆಯ ಆಕಾರದ್ದು, ಮರದ ಕಾಯಿಯಷ್ಟು ಗಟ್ಟಿಯಾದದ್ದು. ಹುಳುವು ಮೊದಲು ಕೊಂಬೆಯನ್ನು ಸುತ್ತಿ ಒಂದು ಉಂಗುರವನ್ನು ನೇಯ್ದು, ಅದರಿಂದ ಒಂದು ತೊಟ್ಟನ್ನು ಇಳಿಬಿಟ್ಟು, ಆ ತೊಟ್ಟಿಗೆ ಗೂಡನ್ನು ತೂಗಹಾಕುತ್ತದೆ. ಎಲೆ ಉದುರಿದರೂ ಗೂಡು ಉದುರದಂತೆ ಮಾಡಿದ ಏರ್ಪಾಡು ಇದು. ಇವಲ್ಲದೆ ಕ್ರಿಕ್ಯೂಲಾ ಎಂಬ ಚಿಕ್ಕದೊಂದುಂಟು. ಮಾವು ಗೇರುಗಳ ಮೇಲೆ ಗುಂಪುಗುಂಪಾಗಿ ಬಿದ್ದು ಎಲೆಗಳನ್ನು ಬೋಳಿಸಿ, ಚಿನ್ನದ ಬಲೆಯಂತಹ ಗೂಡುಗಳನ್ನು ಹೆಣೆಯುತ್ತದೆ. ತೋಟಗಾರರಿಗೆ ಅದರ ಚಿನ್ನಕ್ಕಿಂತ ಅದು ತಿಂದ ಎಲೆಯೇ ಹೆಚ್ಚಾಗಿ ನೆನಪಿರುತ್ತದೆ.

ಈ ಕುಟುಂಬದ ಪತಂಗಗಳಿಗೆಲ್ಲ ಒಂದು ಸಮಾನವಾದ ಲಕ್ಷಣವುಂಟು. ಅವುಗಳಿಗೆ ಬಾಯಿಲ್ಲ. ಬಾಯಿದ್ದ ಗುರುತು ಮಾತ್ರ ಉಳಿದಿದೆ. ಅದರಿಂದ ಹೂವಿನ ರಸವನ್ನು ಹೀರುವುದಾಗಲಿ, ಒಂದು ಹನಿ ನೀರನ್ನು ಕುಡಿಯುವುದಾಗಲಿ ಸಾಧ್ಯವಿಲ್ಲ. ಹುಳುವಾಗಿದ್ದಾಗ ಒಂದೆರಡು ತಿಂಗಳು ತಿಂದು ಕೂಡಿಟ್ಟದ್ದೇ ಸಮಸ್ತ ಬಂಡವಾಳ. ಆ ಕೊಬ್ಬಿನಿಂದಲೇ ರೆಕ್ಕೆಗಳಾಗಬೇಕು, ಮೊಟ್ಟೆಗಳಾಗಬೇಕು, ಹಾರಾಟದ ಬಲವೂ ಬರಬೇಕು. ಹಾರಲಾರಂಭಿಸಿದ ಮೇಲೆ ಒಂದು ವಾರ, ಹೆಚ್ಚೆಂದರೆ ಅದಕ್ಕಿಂತ ಕೆಲವು ದಿನ, ಆ ಬಂಡವಾಳವು ನಡೆಯುತ್ತದೆ. ಮುಗಿದೊಡನೆ ಪತಂಗವೂ ಮುಗಿಯಿತು.

ಈಗ ಲೆಕ್ಕವನ್ನು ಹಾಕಿನೋಡಿರಿ. ವರ್ಷದಲ್ಲಿ 365 ರಾತ್ರಿಗಳು. ಒಂದು ಹೆಣ್ಣು ಪತಂಗಕ್ಕೆ ದೊರೆಯುವುದು ಐದಾರು ರಾತ್ರಿಗಳು. ಅದೇ ಕಾಡಿನಲ್ಲಿ, ಗಾಳಿಯು ಅದರ ಗಂಧವನ್ನು ಒಯ್ಯಬಲ್ಲಷ್ಟು ದೂರದಲ್ಲಿ, ಅದೇ ಜಾತಿಯ ಗಂಡಿಗೂ ಅದೇ ಐದಾರು ರಾತ್ರಿಗಳಲ್ಲಿ ಹೊರಬರುವ ಬುದ್ಧಿಯಾಗಬೇಕು. ಒಂದು ಹದಿನೈದು ದಿನ ಮುಂಚೆ ಬಂದ ಪತಂಗವು ಎಷ್ಟೇ ಬಲಶಾಲಿಯಾಗಿರಲಿ, ಎಷ್ಟೇ ಸುಂದರವಾಗಿರಲಿ, ಹುಟ್ಟಲೇ ಇಲ್ಲವೆಂಬುದಕ್ಕೆ ಸಮ. ಸೇರಿದರೂ ಸಾಲದು. ಟಸರ್ ಪತಂಗದ ಮೊಟ್ಟೆ ಎಂಟು ಹತ್ತು ದಿನಗಳಲ್ಲಿ ಒಡೆಯುತ್ತದೆ. ಒಡೆದ ದಿವಸ ಮರದ ಮೇಲೆ ಎಳೆಯ ಎಲೆ ಇರಲೇಬೇಕು. ಆದಕಾರಣ ಈ ಜೀವಿಗಳ ಕಾಲವೆಂಬುದು ಎಲೆಯಿಂದ ಹಿಂದಕ್ಕೆ ಎಣಿಸಿದ ಕಾಲ.

ಜೊತೆಯನ್ನು ಕರೆಯುವ ರೀತಿಯೂ ಈ ಅವಸರಕ್ಕೆ ತಕ್ಕುದಾಗಿಯೇ ಇದೆ. ಹೆಣ್ಣು ತಾನು ಗೂಡಿನಿಂದ ಹೊರಬಂದ ಕಡೆಯಲ್ಲಿಯೇ ಕುಳಿತು, ಹೊಟ್ಟೆಯ ತುದಿಯಿಂದ ಒಂದು ಗಂಧದ್ರವ್ಯವನ್ನು ಗಾಳಿಗೆ ಬಿಡುತ್ತದೆ. ಗಂಡಿನ ಕುಡಿಮೀಸೆಗಳು ಹಕ್ಕಿಯ ಗರಿಯಂತೆ ಕವಲೊಡೆದು ಅಗಲವಾಗಿರುವುದು ಆ ಗಂಧವನ್ನು ಹಿಡಿಯುವುದಕ್ಕಾಗಿ. ಫ್ರಾನ್ಸ್ ದೇಶದ ಫಾಬ್ರ್ ಎಂಬ ಕೀಟಶಾಸ್ತ್ರಜ್ಞರು ಇದೇ ಕುಟುಂಬದ ಒಂದು ಹೆಣ್ಣು ಪತಂಗವನ್ನು ಬಲೆಯ ಪಂಜರದಲ್ಲಿ ಮುಚ್ಚಿಟ್ಟ ರಾತ್ರಿ, ಕತ್ತಲೆಯನ್ನೂ ತೋಟದ ಗಿಡಗಂಟಿಗಳನ್ನೂ ಭೇದಿಸಿಕೊಂಡು ಸುಮಾರು ನಲವತ್ತು ಗಂಡುಗಳು ಅವರ ಮನೆಯನ್ನು ಹೊಕ್ಕವು. ಕೋಣೆಯಲ್ಲಿದ್ದ ಮನುಷ್ಯರಿಗೆ ಯಾವ ವಾಸನೆಯೂ ತಿಳಿಯಲಿಲ್ಲ. ಆ ಬಗೆಯ ದ್ರವ್ಯವು ಏನೆಂಬುದನ್ನು ಮೊಟ್ಟಮೊದಲು ಬೇರ್ಪಡಿಸಿ ತೋರಿಸಿದವರು ಜರ್ಮನಿಯ ಬುಟೆನಾಂಟ್, ಅದು 1959ರಲ್ಲಿ. ಅವರು ತೆಗೆದುಕೊಂಡದ್ದು ನಮ್ಮ ಪರಿಚಯದ ಹಿಪ್ಪುನೇರಳೆಯ ರೇಷ್ಮೆ ಪತಂಗವನ್ನೇ. ಅದಕ್ಕೆ ಸುಮಾರು ಐದು ಲಕ್ಷ ಹೆಣ್ಣುಗಳು ಬೇಕಾದವು. ಹಾರಲು ಮರೆತ ಆ ಜೀವವೂ ಕರೆಯುವುದನ್ನು ಮರೆತಿಲ್ಲವೆಂಬುದು ಸ್ವಾರಸ್ಯವಾದ ವಿಷಯ.

ಇನ್ನು ಋತುವಿನ ಮಾತಿಗೆ ಬರೋಣ. ಕಾಡಿನ ಪತಂಗಗಳು ಹಾರುವ ದಿನಗಳನ್ನು ಅತ್ಯಂತ ಎಚ್ಚರದಿಂದ ಲೆಕ್ಕವಿಟ್ಟುಕೊಂಡು ಬಂದವರು ಟಸರ್ ರೇಷ್ಮೆಯಿಂದ ಜೀವಿಸತಕ್ಕ ಜನ. ಅವರು ಹೆಚ್ಚಾಗಿ ಇರುವುದು ಛೋಟಾನಾಗಪುರ, ಒಡಿಶಾ, ಬಸ್ತರ್ ಸೀಮೆಗಳಲ್ಲಿ. ಆದಕಾರಣ ಕಾಲಗಣನೆಗಾಗಿ ನಾವು ಸ್ವಲ್ಪ ಹೊತ್ತು ಆ ಕಡೆಗೆ ಹೋಗಬೇಕು. ಅಲ್ಲಿಯ ಸಿಂಹಭೂಮಿಯ ಚಾಯ್‌ಬಾಸಾ ಸುತ್ತಿನಲ್ಲಿ ಸಾಕುವ ಡಾಬಾ ಎಂಬ ತಳಿಯು ವರ್ಷಕ್ಕೆ ಎರಡು ಪೀಳಿಗೆಯದು. ಮುಂಗಾರು ನೆಲೆಗೊಳ್ಳುವ ಜೂನ್ ತಿಂಗಳಿನಲ್ಲಿ, ನಮ್ಮ ರೈತರ ಎಣಿಕೆಯಲ್ಲಿ ಹೇಳುವುದಾದರೆ ಮೃಗಶಿರೆ ಆರಿದ್ರೆ ಮಳೆಗಳ ಹೊತ್ತಿಗೆ, ಮೊದಲ ಪತಂಗಗಳು ಹೊರಡುತ್ತವೆ. ಅವುಗಳ ಹುಳುಗಳು ಸುಮಾರು ಒಂದು ತಿಂಗಳಲ್ಲಿ ಬೆಳೆದು ಗೂಡು ಕಟ್ಟುತ್ತವೆ. ಆ ಗೂಡುಗಳಲ್ಲಿ ನಿದ್ರೆಯಿಲ್ಲ. ಕೆಲವು ವಾರಗಳಲ್ಲಿಯೇ, ಮಘೆ ಹುಬ್ಬೆಗಳ ಸುಮಾರಿಗೆ, ಎರಡನೆಯ ಸಲ ಪತಂಗಗಳು ಹಾರುತ್ತವೆ. ಈ ಎರಡನೆಯ ಪೀಳಿಗೆಯ ಹುಳುವು ಚಳಿ ಬರುತ್ತಿರುವ ಕಾಲದಲ್ಲಿ ನಿಧಾನವಾಗಿ, ಎರಡು ತಿಂಗಳವರೆಗೂ, ತಿಂದು, ದಪ್ಪನಾದ ಗೂಡನ್ನು ಕಟ್ಟುತ್ತದೆ. ಬಟ್ಟೆಗೆ ಬರುವ ರೇಷ್ಮೆಯು ಮುಖ್ಯವಾಗಿ ಅದೇ. ಆ ಗೂಡಿನೊಳಗಿನ ಕೋಶವು ಮಾತ್ರ ಹೊರಗೆ ಬರುವುದಿಲ್ಲ. ನವೆಂಬರು ಡಿಸೆಂಬರಿನಿಂದ ಮುಂದಿನ ಜೂನಿನ ವರೆಗೆ, ಸುಮಾರು ಆರು ತಿಂಗಳು, ಅದು ಸುಪ್ತಾವಸ್ಥೆಯಲ್ಲಿ ಇರುತ್ತದೆ.

ಎತ್ತರದ ತಂಪು ಕಾಡುಗಳಲ್ಲಿ ವರ್ಷಕ್ಕೆ ಒಂದೇ ಪೀಳಿಗೆಯ ತಳಿಗಳೂ, ತಗ್ಗಿನ ಪ್ರದೇಶಗಳಲ್ಲಿ ಮೂರು ಪೀಳಿಗೆಯವೂ ಉಂಟು. ಎಲ್ಲ ಕಡೆಯೂ ತತ್ತ್ವ ಒಂದೇ: ಎಲೆಯಿಲ್ಲದ, ಬೆಂಕಿಯಂತಹ ತಿಂಗಳುಗಳನ್ನು ಗೂಡಿನೊಳಗೆ ಕಳೆಯಬೇಕು, ಮಳೆಯೊಡನೆ ಹೊರಬರಬೇಕು. ನಮ್ಮ ಸಹ್ಯಾದ್ರಿಯ ಮಗ್ಗುಲಿನಲ್ಲಿಯೂ ಚಂದ್ರಪತಂಗ, ಟಸರ್ ಪತಂಗಗಳನ್ನು ನಿರೀಕ್ಷಿಸತಕ್ಕ ಕಾಲವು ಮಳೆಯ ತಿಂಗಳುಗಳೇ. ಅಟ್ಲಾಸ್ ಪತಂಗವು ಮಳೆ ಹಿಂದೆಗೆಯುವ ದಿನಗಳ ವರೆಗೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಮುಂಗಾರು ಸಿಂಹಭೂಮಿಗಿಂತ ಮುಂಚೆ ಇಳಿಯುವುದರಿಂದಲೂ, ಬಯಲುಸೀಮೆಗೆ ಹಿಂಗಾರೂ ಒದಗುವುದರಿಂದಲೂ, ಅಲ್ಲಿಯ ಪಂಚಾಂಗವನ್ನು ಇಲ್ಲಿಗೆ ದಿನದ ಲೆಕ್ಕದಲ್ಲಿ ತಂದು ಕೂಡಿಸಲಾಗದು. ಕ್ರಿಕ್ಯೂಲಾ ಮಾತ್ರ ವರ್ಷದಲ್ಲಿ ಹಲವು ಸಲ ಪೀಳಿಗೆಯೆತ್ತುತ್ತದೆ. ಮಾವು ಗೇರುಗಳು ಎಲೆಯುದುರಿಸಿ ಬೋಳಾಗುವ ಮರಗಳಲ್ಲವಷ್ಟೆ. ಮತ್ತಿಯ ಮರವನ್ನು ನಂಬಿದ್ದಕ್ಕೆ ಇರುವ ಕಟ್ಟುಪಾಡು ಅದಕ್ಕೆ ಇಲ್ಲದಿರುವುದು ಸಹಜವೆಂದು ನಮಗೆ ತೋರುತ್ತದೆ.

ಕಣ್ಣು ಕಾಲುಗಳಿಲ್ಲದಂತೆ ಗಟ್ಟಿಯಾದ ಗೂಡಿನೊಳಗೆ ಬಿದ್ದಿರುವ ಈ ಕೋಶಕ್ಕೆ ಹೊರಗಿನ ಕಾಲವು ತಿಳಿಯುವುದು ಹೇಗೆ? ಇದನ್ನು ಬಿಡಿಸಿದ ಕೀರ್ತಿಯು ಬಹುಮಟ್ಟಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಯಾರೊಲ್ ವಿಲಿಯಮ್ಸ್ ಅವರಿಗೆ ಸಲ್ಲತಕ್ಕದ್ದು. ಅವರು 1940ರ ದಶಕದಲ್ಲಿ ಸಿಕ್ರೋಪಿಯಾ ಎಂಬ ಅಲ್ಲಿಯ ದೊಡ್ಡ ಪತಂಗದ ಕೋಶಗಳನ್ನು ಹಿಡಿದು ಪರೀಕ್ಷಿಸಿದರು. ಬೆಚ್ಚಗಿಟ್ಟ ಕೋಶವು ನಿದ್ರಿಸುತ್ತಲೇ ಇರುತ್ತದೆ. ಕೆಲವು ವಾರಗಳ ಕಾಲ ಶೀತದಲ್ಲಿಟ್ಟು ತೆಗೆದದ್ದು ಎಚ್ಚರಗೊಳ್ಳುತ್ತದೆ. ಮಿದುಳನ್ನು ತೆಗೆದುಬಿಟ್ಟರೆ ಎಂದಿಗೂ ಏಳುವುದಿಲ್ಲ. ಶೀತವನ್ನು ಉಂಡ ಮಿದುಳನ್ನು ಶೀತ ಕಾಣದ ಕೋಶದೊಳಗೆ ಕೂರಿಸಿದರೆ ಆ ಕೋಶವು ಎದ್ದು ಪತಂಗವಾಗುತ್ತದೆ. ಇದರಿಂದ ಏರ್ಪಟ್ಟದ್ದೇನೆಂದರೆ, ಚಳಿಗಾಲವು ಕಳೆಯಿತೆಂಬ ಜ್ಞಾನವು ಮಿದುಳಿನಲ್ಲಿರುತ್ತದೆ. ಅದು ಒಂದು ರಸವನ್ನು ಸುರಿಸಿ ದೇಹಕ್ಕೆ ಅಪ್ಪಣೆ ಕೊಡುತ್ತದೆ.

ತರುವಾಯ 1964ರಲ್ಲಿ ಅವರೂ ಆಡ್ಕಿಸನ್ ಎಂಬುವರೂ ಸೇರಿ, ಚೀನದ ಓಕ್ ಮರದ ಟಸರ್ ಕೋಶವನ್ನು ತೆಗೆದುಕೊಂಡು, ಇನ್ನೊಂದು ಚಮತ್ಕಾರವಾದ ಪರೀಕ್ಷೆಯನ್ನು ನಡೆಸಿದರು. ತೂತುಗಳಿರುವ ಹಲಗೆಯಲ್ಲಿ ಕೋಶಗಳನ್ನು ಸಿಕ್ಕಿಸಿ, ತಲೆಯ ಕಡೆಗೆ ಒಂದು ಪ್ರಮಾಣದ ಹಗಲನ್ನೂ ಬಾಲದ ಕಡೆಗೆ ಇನ್ನೊಂದು ಪ್ರಮಾಣದ ಹಗಲನ್ನೂ ದೀಪಗಳಿಂದ ಕಲ್ಪಿಸಿದರು. ಕೋಶವು ನಡೆದುಕೊಂಡದ್ದು ತಲೆಯು ಕಂಡ ಹಗಲಿನಂತೆ. ನೋಡಿದರೆ, ಕೋಶದ ಕಂದುಗಪ್ಪು ಚಿಪ್ಪಿನಲ್ಲಿ ಮಿದುಳಿನ ನೇರಕ್ಕೆ ಬಣ್ಣವಿಲ್ಲದ ಒಂದು ಪುಟ್ಟ ಕಿಟಕಿಯುಂಟು. ಗೂಡಿನ ಗೋಡೆಯನ್ನು ದಾಟಿಬಂದ ಮಂದವಾದ ಬೆಳಕು ಆ ಕಿಟಕಿಯಿಂದ ಮಿದುಳಿಗೆ ತಾಗುತ್ತದೆ. ಹಗಲು ಉದ್ದವಾಗುತ್ತಿದೆಯೆಂಬುದನ್ನು ಮಿದುಳು ಕಣ್ಣುಗಳ ಸಹಾಯವಿಲ್ಲದೆ ನೇರವಾಗಿ ಅಳೆಯುತ್ತದೆ.

ಆದರೆ ಹಗಲಿನ ಅಳತೆಯು ಉತ್ತರದ ದೇಶಗಳಲ್ಲಿ ಎಷ್ಟು ಸ್ಪಷ್ಟವೋ ನಮ್ಮಲ್ಲಿ ಅಷ್ಟು ಸ್ಪಷ್ಟವಲ್ಲ. ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎಂಟು ಗಂಟೆಗೂ ಮೀರಿದ ವ್ಯತ್ಯಾಸವಿದೆ. ರಾಂಚಿಯಲ್ಲಿ ಸುಮಾರು ಮೂರು ಗಂಟೆ. ಮೈಸೂರಿನಲ್ಲಿ ಸುಮಾರು ಒಂದೂವರೆ ಗಂಟೆ. ದಕ್ಷಿಣಕ್ಕೆ ಬಂದಂತೆ ಆಕಾಶದ ಗಡಿಯಾರವು ಹೀಗೆ ಮಸುಕಾಗುವುದರಿಂದ, ಇಲ್ಲಿಯ ಜೀವಿಗಳಿಗೆ ಮಳೆಯ ಸಾಕ್ಷಿಯೂ ಬೇಕಾಗುತ್ತದೆ. ಬೇಸಗೆಯ ಕಾವು ಇಳಿದು ಗಾಳಿಯಲ್ಲಿ ತೇವವು ತುಂಬಿದಾಗ ಟಸರ್ ಗೂಡುಗಳಿಂದ ಪತಂಗಗಳು ಒಟ್ಟೊಟ್ಟಾಗಿ ಬರುತ್ತವೆ. ಮಳೆಯು ಅವುಗಳಿಗೆ ಎಲೆಯ ವಾರ್ತೆಯನ್ನೂ ನೆಂಟರ ವಾರ್ತೆಯನ್ನೂ ಒಟ್ಟಿಗೆ ತರುತ್ತದೆಯೆನ್ನಬಹುದು.

ತಿಂಗಳಷ್ಟೇ ಅಲ್ಲ, ಗಳಿಗೆಯೂ ಗೊತ್ತಾಗಿದೆ. ಟಸರ್ ಪತಂಗವು ಹೊರಬರುವುದು ಸಾಮಾನ್ಯವಾಗಿ ಸೂರ್ಯ ಮುಳುಗುವ ಹೊತ್ತಿನಿಂದ ರಾತ್ರಿಯ ಮೊದಲ ಜಾವದೊಳಗೆ. ಬಾಯಿಲ್ಲದಿದ್ದರೂ ಅದರ ಮುಖದಿಂದ ಒಂದು ರಸವು ಒಸರಿ ಗೂಡಿನ ತುದಿಯ ಅಂಟನ್ನು ಕರಗಿಸುತ್ತದೆ. ಎಳೆಗಳನ್ನು ಕಡಿಯದೆ, ಅತ್ತಿತ್ತ ಒತ್ತಿ, ಪತಂಗವು ನುಸುಳಿ ಬರುತ್ತದೆ. ಮುದುರಿದ ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟು ನೇತಾಡುತ್ತಿದ್ದರೆ ಅರ್ಧ ಗಂಟೆಯೊಳಗಾಗಿ ಅವು ಹರಡಿಕೊಳ್ಳುತ್ತವೆ. ಹಕ್ಕಿಗಳು ಗೂಡು ಸೇರಿದ ಹೊತ್ತು ಇದಕ್ಕೆ ಎಷ್ಟು ಅನುಕೂಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಗಳಿಗೆಯ ಜ್ಞಾನವೂ ಮಿದುಳಿನದೇ ಎಂಬುದನ್ನು 1970ರಲ್ಲಿ ಟ್ರೂಮನ್ ಮತ್ತು ರಿಡ್ಡಿಫರ್ಡ್ ಎಂಬಿಬ್ಬರು ತೋರಿಸಿದ ಬಗೆಯು ಕಥೆಯಂತಿದೆ. ಸಿಕ್ರೋಪಿಯಾ ಪತಂಗವು ಬೆಳಗಿನ ಹೊತ್ತು ಹೊರಬರತಕ್ಕದ್ದು. ಚೀನದ ಟಸರ್ ಸಂಜೆಗೆ ಮುಂಚೆ. ಮಿದುಳು ತೆಗೆದವು ಹೊತ್ತುಗೊತ್ತಿಲ್ಲದೆ ಬಂದವು. ಒಂದರ ಮಿದುಳನ್ನು ಇನ್ನೊಂದರ ಹೊಟ್ಟೆಯೊಳಗೆ ಇಟ್ಟಾಗ, ಹೊಟ್ಟೆಯೊಳಗೆ ಎಂಬುದನ್ನು ಗಮನಿಸಿರಿ, ಬೆಳಗಿನ ಪತಂಗವು ಸಂಜೆಗೂ ಸಂಜೆಯದು ಬೆಳಗ್ಗೆಯೂ ಎದ್ದು ಬಂದಿತು! ಎದ್ದ ಮೇಲಿನ ನಡೆನುಡಿಯೆಲ್ಲ ದೇಹದ ಒಡೆಯನದು. ಎದ್ದ ಹೊತ್ತು ಮಾತ್ರ ಮಿದುಳಿನ ಮೊದಲ ಒಡೆಯನದು. ಅಮೆರಿಕದ ಪೂರ್ವಭಾಗದಲ್ಲಿ ತೀರ ಹತ್ತಿರದ ಸಂಬಂಧಿಗಳಾದ ಮೂರು ಜಾತಿಗಳಲ್ಲಿ ಒಂದು ಹಗಲಿನಲ್ಲಿ, ಒಂದು ಇಳಿಹೊತ್ತಿನಲ್ಲಿ, ಒಂದು ಕತ್ತಲಾದ ಮೇಲೆ ಜೊತೆಗೂಡುತ್ತವೆಯಂತೆ. ಮೂರು ಮನೆಗಳ ನಡುವೆ ಗೋಡೆಯ ಬದಲು ಗಡಿಯಾರವನ್ನು ಕಟ್ಟಿದ ಹಾಗಾಯಿತು.

ಇಂತಹ ಸೂಕ್ಷ್ಮವಾದ ಏರ್ಪಾಡು ಕೆಟ್ಟರೆ ಏನಾಗುವುದೆಂಬುದನ್ನು ಟಸರ್ ಸಾಕುವವರ ಬಿತ್ತನೆಮನೆಗಳಲ್ಲಿ ನೋಡಬೇಕು. ಅವರು ಚಳಿಗಾಲದ ಗೂಡುಗಳಲ್ಲಿ ಉತ್ತಮವಾದವನ್ನು ಆರಿಸಿ, ಮಾಲೆಗಳಾಗಿ ಪೋಣಿಸಿ, ಗಾಳಿಯಾಡುವ ಮನೆಯಲ್ಲಿ ತೂಗಹಾಕಿ, ಮಳೆಗಾಗಿ ಕಾಯುತ್ತಾರೆ. ಬೇಸಗೆಯಲ್ಲಿ 40 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಬಿಸಿಲಿಗೆ ಎಷ್ಟೋ ಕೋಶಗಳು ಒಳಗೇ ಒಣಗುತ್ತವೆ. ಅಕಾಲದ ಮಳೆಯೋ ಚಳಿಯ ಏರುಪೇರೋ ಒದಗಿದರೆ ಫೆಬ್ರವರಿಯಿಂದ ಮೇ ತಿಂಗಳ ನಡುವೆ ಇಂದು ನಾಲ್ಕು, ಇನ್ನೊಂದು ವಾರಕ್ಕೆ ಆರು, ಹೀಗೆ ಪತಂಗಗಳು ಬಿಡಿಬಿಡಿಯಾಗಿ ಹೊರಬರತೊಡಗುತ್ತವೆ. ಇಂದಿನ ಹೆಣ್ಣಿಗೆ ಇಂದು ಗಂಡಿಲ್ಲ. ಮೊಟ್ಟೆಯಾದರೂ ಮರದಲ್ಲಿ ಎಲೆಯಿಲ್ಲ. ಜೂನಿನಲ್ಲಿ ಬಿತ್ತನೆಗೆ ಸಾಲದೆ ಹೋದರೆ ಆ ವರ್ಷದ ಎರಡು ಬೆಳೆಗಳಿಗೂ ಪೆಟ್ಟು. ಕಾಡಿನ ಅಂಚಿನಲ್ಲಿ ಬಾಳುವ, ಹೆಚ್ಚಾಗಿ ಆದಿವಾಸಿಗಳಾದ ಆ ಜನಕ್ಕೆ ಇದು ಕೀಟಶಾಸ್ತ್ರದ ಪ್ರಶ್ನೆಯಲ್ಲ, ಕೈಗೆ ಬರುವ ಕಾಸಿನ ಪ್ರಶ್ನೆ. ರಾಂಚಿಯಲ್ಲಿ 1964ರಲ್ಲಿ ಏರ್ಪಟ್ಟ ಕೇಂದ್ರ ಟಸರ್ ಸಂಶೋಧನ ಸಂಸ್ಥೆಯ ಕಾರ್ಯಗಳಲ್ಲಿ ಬಿತ್ತನೆಗೂಡಿನ ರಕ್ಷಣೆಯೂ ಒಂದು. ಆ ಸಂಸ್ಥೆಯು ಸೇರಿರುವ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿಯು ನಮ್ಮ ಬೆಂಗಳೂರಿನಲ್ಲಿದೆಯೆಂಬುದನ್ನು ಇಲ್ಲಿ ಸ್ಮರಿಸಬಹುದು.

ಪಟ್ಟಣವಾಸಿಗಳಾದ ನಮಗೂ ಈ ವಿಷಯದಲ್ಲಿ ಒಂದು ಪಾತ್ರವುಂಟು. ಅದು ನಮ್ಮ ಅಂಗಳದ ದೀಪ. ಪತಂಗವು ದೀಪವನ್ನು ಮೋಹಿಸಿ ಬರುತ್ತದೆಯೆಂದು ಕವಿಗಳು ಬಹುಕಾಲದಿಂದ ಹೇಳಿದ್ದಾರೆ. ವೇಗವಾಗಿ ಚಿತ್ರ ತೆಗೆಯುವ ಯಂತ್ರಗಳ ಸಹಾಯದಿಂದ ನಡೆದು 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಕವಿಸಮಯವನ್ನು ಸ್ವಲ್ಪ ಭಂಗಪಡಿಸಿದೆ. ಹಾರುವ ಕೀಟವು ಆಕಾಶದ ಬೆಳಕಿಗೆ ಬೆನ್ನನ್ನು ಒಡ್ಡಿಕೊಂಡು ತನ್ನ ಮೇಲುಕೆಳಗನ್ನು ತಿಳಿಯುತ್ತದೆ. ಹತ್ತಿರದಲ್ಲಿ ದೀಪವಿದ್ದರೆ ಬೆನ್ನು ಅದರ ಕಡೆಗೆ ತಿರುಗುತ್ತದೆ. ತಿರುಗಿದ ಮೈಯಿಂದ ಹಾರಿದರೆ ದಾರಿಯು ವರ್ತುಲವಾಗುತ್ತದೆ. ಅದರಲ್ಲಿ ಮೋಹವಿಲ್ಲ; ಬಿಡಿಸಿಕೊಳ್ಳಲಾರದ ಗೊಂದಲವಿದೆ. ಇತರ ಪತಂಗಗಳಿಗೆ ಒಂದು ರಾತ್ರಿಯು ಹೋದರೆ ಮರುದಿನ ಹೂವಿನ ರಸವನ್ನು ಕುಡಿದು ಸುಧಾರಿಸಿಕೊಳ್ಳುವ ಆಸೆಯುಂಟು. ಬಾಯಿಲ್ಲದ ಚಂದ್ರಪತಂಗವು ಅಂಗಳದ ದೀಪವನ್ನು ಸುತ್ತಿ ಕಳೆದ ರಾತ್ರಿಯು ಐದರಲ್ಲಿ ಒಂದು. ಆ ರಾತ್ರಿಯಲ್ಲಿ ಅದು ವೆಚ್ಚಮಾಡಿದ ಬಲವು ಮತ್ತೆ ಬರುವಂತಿಲ್ಲ.

ಆದಕಾರಣ ಮಳೆಗಾಲದ ರಾತ್ರಿಯಲ್ಲಿ ಇಂತಹ ಅತಿಥಿಯು ಬಂದರೆ ದೀಪವನ್ನು ಆರಿಸುವುದೇ ಉಪಚಾರ. ಸಕ್ಕರೆನೀರನ್ನು ಇಡುವುದು, ಹೂವಿನ ಮೇಲೆ ಕೂರಿಸುವುದು ನಿಷ್ಪ್ರಯೋಜಕ. ಬೆಳಗಾದ ಮೇಲೂ ಗೋಡೆಯಲ್ಲಿ ಉಳಿದಿದ್ದರೆ ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಗಿಡದ ನೆರಳಿಗೆ ಬಿಟ್ಟರೆ ಸಾಕು, ಸಂಜೆಯ ವರೆಗೆ ಅದು ಅಲ್ಲಾಡುವುದಿಲ್ಲ. ಕಂಡ ತಾರೀಖನ್ನೂ, ಹೊತ್ತನ್ನೂ, ಹಿಂದಿನ ದಿನ ಮಳೆ ಬಿದ್ದಿತ್ತೇ ಎಂಬುದನ್ನೂ, ಅದರ ಕುಡಿಮೀಸೆಗಳು ಅಗಲವಾಗಿದ್ದವೇ ಕಿರಿದಾಗಿದ್ದವೇ ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮತ್ತೂ ಒಳ್ಳೆಯದು, ಅಗಲವಾದವು ಗಂಡಿನವು. ನಮ್ಮ ಘಟ್ಟದ ಸೀಮೆಗೆ ಟಸರ್ ನಾಡಿನಂತಹ ದಿನಗಣನೆಯು ಏರ್ಪಡಬೇಕಾದರೆ ಇಂತಹ ಟಿಪ್ಪಣಿಗಳು ಊರೂರಿನಿಂದಲೂ ಬೇಕು. ಇನ್ನೂ ಆಸಕ್ತಿಯುಳ್ಳವರು ಬೇಸಗೆಯಲ್ಲಿ ಮಲೆನಾಡಿನ ಕಡೆ ಹೋದಾಗ, ಎಲೆಯುದುರಿ ಬರಿದಾದ ಮತ್ತಿಯ ಕೊಂಬೆಗಳನ್ನು ತಲೆಯೆತ್ತಿ ನೋಡಲಿ. ಒಣಗಿದ ಕಾಯಿಯಂತೆ ತೊಟ್ಟಿನಿಂದ ತೂಗುತ್ತಿರುವ ಬೂದುಬಣ್ಣದ ಗೂಡು ಕಂಡರೆ, ಅದರ ಮೇಲ್ತುದಿಯನ್ನು ಗಮನಿಸಬೇಕು. ಅಲ್ಲಿ ದುಂಡಗಿನ ರಂಧ್ರವಿದ್ದರೆ ಒಡೆಯನು ಹೋಗಿಯಾಯಿತು. ರಂಧ್ರವಿಲ್ಲದಿದ್ದರೆ ಅದನ್ನು ಕೀಳದೆ, ಮೃಗಶಿರೆ ಹುಟ್ಟಿದ ಮೇಲೆ ಇನ್ನೊಮ್ಮೆ ಸಂಜೆಯ ಹೊತ್ತು ಅಲ್ಲಿಗೆ ಹೋಗಿ ನೋಡಬಹುದು.